ಊರೆಲ್ಲರ ಬಾನುಲಿಗೂ ಉಂಟು ಕಟ್ಟಳೆ

ನೆಲವನ್ನು ಅಳೆದು ಹಂಚಿಕೊಳ್ಳಬಹುದು. ಕೆರೆಯ ನೀರಿಗೆ ಸರದಿ ಕಟ್ಟಿಕೊಳ್ಳಬಹುದು. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ರೇಡಿಯೋ ಅಲೆಗಳನ್ನು ಜನರು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದೆಂತು? ಪ್ರಪಂಚದ ಸರ್ಕಾರಗಳು ಈ ಪ್ರಶ್ನೆಗೆ ಬಹುಕಾಲ ಒಂದೇ ಬಗೆಯ ಉತ್ತರವನ್ನು ಕೊಡುತ್ತಿದ್ದುವು: ಬಾನಿನಲ್ಲಿ ಮಾತಾಡುವ ಅಧಿಕಾರ ಸರ್ಕಾರಕ್ಕೂ ಅದು ಆರಿಸಿ ಅನುಮತಿಯಿತ್ತ ಕೆಲವರಿಗೂ ಸೇರಿದ್ದು, ಉಳಿದವರೆಲ್ಲರೂ ಕೇಳುವವರು. ನಮ್ಮ ದೇಶದಲ್ಲಂತೂ ಕೇಳುವುದಕ್ಕೂ ಅನುಮತಿ ಬೇಕಾಗಿತ್ತು. 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಯಾವ ನಿಸ್ತಂತು ಯಂತ್ರವನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಮನೆಯ ರೇಡಿಯೋಕ್ಕಾಗಿ ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಲೈಸೆನ್ಸು ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಂಡು ಬರುತ್ತಿದ್ದುದನ್ನು ಮನೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಪದ್ಧತಿ ನಿಂತುಹೋದದ್ದು 1980ರ ದಶಕದಲ್ಲಿ.

ಹೀಗಿರುವಾಗ, ಪರೀಕ್ಷೆಯಿಲ್ಲ, ಲೈಸೆನ್ಸಿಲ್ಲ, ಶುಲ್ಕವಿಲ್ಲ, ವಯಸ್ಸಿನ ಕಟ್ಟುಪಾಡೂ ಇಲ್ಲ; ಅಂಗಡಿಯಿಂದ ಒಂದು ಪೆಟ್ಟಿಗೆಯನ್ನು ಕೊಂಡುತಂದು ಯಾರು ಬೇಕಾದರೂ ಬಾನಿನಲ್ಲಿ ಮಾತಾಡಿಕೊಳ್ಳಲಿ ಎಂದು ಒಂದು ಸರ್ಕಾರ ಹೇಳಿಬಿಟ್ಟರೆ ಏನಾದೀತು? ಸಂತೆಯ ಗದ್ದಲವಾದೀತೆಂದು ನಾವು ಊಹಿಸುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಯೋಗ ನಡೆದಿದೆ, ಇಂದಿಗೂ ನಡೆಯುತ್ತಿದೆ. ಅದರ ಹೆಸರು ಸಿಟಿಜನ್ಸ್ ಬ್ಯಾಂಡ್ ರೇಡಿಯೋ, ಚುಟುಕಾಗಿ ಸಿ.ಬಿ. ನಾವು ಬೇಕಾದರೆ ಅದನ್ನು ನಾಗರಿಕರ ಬಾನುಲಿ ಎನ್ನಬಹುದು. ಅದರ ಕಾನೂನಿನ ಕಥೆಯನ್ನು ಓದಿದವರಿಗೆ ರೇಡಿಯೋವಿನ ಸಂಗತಿಗಿಂತ ಹೆಚ್ಚಾಗಿ, ಪೊಲೀಸರು ಕಾಯಲಾರದ ಕಡೆಯಲ್ಲಿ ಯಾವ ಕಟ್ಟಳೆ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ತಿಳಿದುಬರುತ್ತದೆ.

ಒಂದು ವಾರಪತ್ರಿಕೆಯ ಲೇಖನ

ಎರಡನೆಯ ಮಹಾಯುದ್ಧ ಇನ್ನೂ ಪೂರ್ತಿ ಮುಗಿದಿರಲಿಲ್ಲ. 1945ರ ಜುಲೈ ತಿಂಗಳಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಎಂಬ ಹೆಸರಾಂತ ಅಮೆರಿಕನ್ ವಾರಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಬರೆದವರು ಅಲ್ಲಿಯ ಫೆಡರಲ್ ಸಂಪರ್ಕ ಆಯೋಗದ ಸದಸ್ಯ ಇ. ಕೆ. ಜೆಟ್. ಯುದ್ಧರಂಗದಲ್ಲಿ ಸೈನಿಕರು ಬಳಸಿದ ಕೈರೇಡಿಯೋವನ್ನು ಇನ್ನು ಮುಂದೆ ರೈತರೂ ವೈದ್ಯರೂ ವ್ಯಾಪಾರಿಗಳೂ ಗೃಹಿಣಿಯರೂ ಬಳಸಬಹುದಾದ ಕಾಲ ಬರಲಿದೆ ಎಂಬುದೇ ಅದರ ತಿರುಳು. ಅದೇ ವರ್ಷ ಆಯೋಗವು 460ರಿಂದ 470 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ನಾಗರಿಕರ ಸೇವೆಗಾಗಿ ಮೀಸಲಿಟ್ಟಿತು. ವಾಕಿ-ಟಾಕಿಯ ಆದ್ಯ ಶಿಲ್ಪಿಗಳಲ್ಲಿ ಒಬ್ಬನಾದ ಆಲ್ ಗ್ರಾಸ್ ತಯಾರಿಸಿದ ಸಲಕರಣೆಗೆ 1948ರಲ್ಲಿ ಆಯೋಗದ ಒಪ್ಪಿಗೆ ದೊರೆಯಿತು.

ಆದರೆ ಅಷ್ಟು ಎತ್ತರದ ಕಂಪನಸಂಖ್ಯೆಯ ಯಂತ್ರಗಳು ಆಗಿನ ಕಾಲಕ್ಕೆ ದುಬಾರಿಯಾಗಿದ್ದುವು. ಸಾಮಾನ್ಯರ ಕೈಗೆ ಎಟುಕಲಿಲ್ಲ. ಆದ್ದರಿಂದ 1958ರಲ್ಲಿ ಆಯೋಗವು ಕೆಳಗಿಳಿದು 27 ಮೆಗಾಹರ್ಟ್ಸ್‌ನ ಸುತ್ತಮುತ್ತ 23 ಚಾನೆಲ್ಲುಗಳನ್ನು ತೆರೆಯಿತು. ಪರೀಕ್ಷೆ ಕೊಟ್ಟು ಲೈಸೆನ್ಸು ಪಡೆದ ಹವ್ಯಾಸಿಗಳು, ಎಂದರೆ ‘ಹ್ಯಾಮ್’ಗಳು, ಅದುವರೆಗೆ ಈ ಪಟ್ಟಿಯನ್ನು ಬಳಸುತ್ತಿದ್ದರು. ತಮ್ಮಿಂದ ಕಿತ್ತು ಅಂಗಡಿಯ ಗಿರಾಕಿಗಳಿಗೆ ಕೊಟ್ಟರಲ್ಲಾ ಎಂದು ಅವರಿಗೆ ಅಸಮಾಧಾನವಾದುದು ಸಹಜವೇ. ಹೊಸಬರಿಗೂ ಪೂರ್ಣ ಸ್ವಾತಂತ್ರ್ಯವೇನೂ ಸಿಗಲಿಲ್ಲ. ಲೈಸೆನ್ಸು ಬೇಕು, ಸರ್ಕಾರ ಕೊಟ್ಟ ಕರೆಸಂಕೇತವನ್ನು ಮಾತಿನೊಡನೆ ಹೇಳಬೇಕು, ಸ್ವಂತದ ಅಥವಾ ವ್ಯವಹಾರದ ಅಗತ್ಯದ ಮಾತನ್ನು ಮಾತ್ರ ಆಡಬೇಕು, ಕಾಲಕ್ಷೇಪದ ಹರಟೆ ಕೂಡದು.

ಒಂದು ಬೀದಿ, ನಲವತ್ತು ಜಗಲಿ

ಇಲ್ಲಿ ಆ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕಾನೂನು ಹುಟ್ಟಿದ್ದು ಅದರಿಂದಲೇ. ಟೆಲಿಫೋನಿನಲ್ಲಿ ನಮ್ಮ ಮಾತು ನಮ್ಮಿಬ್ಬರ ನಡುವೆಯೇ ಸಾಗುತ್ತದೆ. ಸಿ.ಬಿ.ಯಲ್ಲಿ ಹಾಗಲ್ಲ. ಗುಂಡಿಯೊತ್ತಿ ಒಬ್ಬನು ಮಾತಾಡಿದರೆ, ಅದೇ ಚಾನೆಲ್ಲಿನಲ್ಲಿ ಕಿವಿಗೊಟ್ಟಿರುವ, ಅಲೆ ಮುಟ್ಟುವಷ್ಟು ಸಮೀಪದಲ್ಲಿರುವ ಎಲ್ಲರಿಗೂ ಅದು ಕೇಳಿಸುತ್ತದೆ. ಯಾವ ಚಾನೆಲ್ಲೂ ಯಾರ ಸ್ವತ್ತೂ ಅಲ್ಲ. ಸಾಮಾನ್ಯವಾಗಿ ಮಾತು ಕೆಲವು ಮೈಲಿಗಳವರೆಗೆ ಹೋಗುತ್ತದೆ. ಗುಡ್ಡ ಅಡ್ಡಬಂದರೆ ಇನ್ನೂ ಕಡಿಮೆ. ಇಬ್ಬರು ಏಕಕಾಲದಲ್ಲಿ ಗುಂಡಿಯೊತ್ತಿದರೆಂದರೆ ಎರಡು ಅಲೆಗಳೂ ಒಂದಕ್ಕೊಂದು ತಾಗಿ, ಕೇಳುವವನ ಕಿವಿಗೆ ಬೀಳುವುದು ಕರ್ಕಶವಾದ ಸಿಳ್ಳು ಮಾತ್ರ. ಒಬ್ಬನ ಮಾತು ತಲುಪಬೇಕಾದರೆ ಉಳಿದವರೆಲ್ಲ ಸುಮ್ಮನಿರಲೇಬೇಕು.

ಇಂದು ಅಮೆರಿಕದಲ್ಲಿ ಇಂತಹ 40 ಚಾನೆಲ್ಲುಗಳಿವೆ, 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ. ಒಂದು ದೊಡ್ಡ ಬೀದಿಯಲ್ಲಿ 40 ಜಗಲಿಗಳಿವೆ, ಯಾವ ಜಗಲಿಯ ಮೇಲೆ ಯಾರು ಬೇಕಾದರೂ ಕುಳಿತು ಮಾತಾಡಬಹುದು ಎಂದುಕೊಂಡರೆ ಸಾಕು. ಈ ಜಗಲಿಗಳ ಮರ್ಯಾದೆಯನ್ನು ಆಯೋಗದ ನಿಯಮಾವಳಿಯ 95ನೆಯ ಭಾಗ ವಿಧಿಸುತ್ತದೆ. ಅದರಲ್ಲಿ ಮುಖ್ಯವಾದವನ್ನು ನೋಡೋಣ.

ಮೊದಲನೆಯದು, ದನಿಯ ಎತ್ತರಕ್ಕೆ ಸಂಬಂಧಿಸಿದ್ದು. ಸಾಮಾನ್ಯ ಕ್ರಮದಲ್ಲಿ ಯಂತ್ರದ ಶಕ್ತಿ 4 ವ್ಯಾಟ್ ಮೀರಕೂಡದು. ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಇನ್ನೊಂದು ಕ್ರಮದಲ್ಲಿ ಅತಿ ಹೆಚ್ಚೆಂದರೆ 12 ವ್ಯಾಟ್. ಮನೆಯ ರಾತ್ರಿದೀಪದಷ್ಟು ಶಕ್ತಿ! ಆಯೋಗ ಪರೀಕ್ಷಿಸಿ ಪ್ರಮಾಣೀಕರಿಸಿದ ಯಂತ್ರವನ್ನೇ ಬಳಸಬೇಕು. ಒಳಗೆ ಕೈಹಾಕಿ ಶಕ್ತಿ ಹೆಚ್ಚಿಸುವಂತಿಲ್ಲ. ಹೊರಗಿನಿಂದ ವರ್ಧಕ ಯಂತ್ರವನ್ನು ಜೋಡಿಸುವಂತೆಯೂ ಇಲ್ಲ. ಮನೆಯ ಮೇಲಿನ ಆಂಟೆನಾ ಕಟ್ಟಡದಿಂದ 20 ಅಡಿಗಿಂತ, ಅಥವಾ ನೆಲದಿಂದ 60 ಅಡಿಗಿಂತ ಎತ್ತರವಾಗಿರಬಾರದು.

ಎರಡನೆಯದು, ಸರದಿ. ಬೇರೊಬ್ಬರೊಡನೆ ಒಂದೇ ಸಮನೆ 5 ನಿಮಿಷಕ್ಕಿಂತ ಹೆಚ್ಚು ಮಾತಾಡಕೂಡದು. ಆಮೇಲೆ ಕನಿಷ್ಠ 1 ನಿಮಿಷ ಸುಮ್ಮನಿದ್ದು ಇತರರಿಗೆ ಎಡೆಗೊಡಬೇಕು. ನಮ್ಮ ಬೀದಿ ನಲ್ಲಿಯ ಮುಂದೆ ಎರಡು ಕೊಡ ತುಂಬಿದ ಮೇಲೆ ಪಕ್ಕಕ್ಕೆ ಸರಿಯುವ ಪದ್ಧತಿಯನ್ನು ಬಲ್ಲವರಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲ.

ಮೂರನೆಯದು, ಮಾತಿನ ಶೀಲ. ಅಶ್ಲೀಲ ನುಡಿ ಕೂಡದು. ಅಪರಾಧಕ್ಕೆ ನೆರವಾಗುವ ಮಾತು ಕೂಡದು. ಸರಕಿನ ಜಾಹೀರಾತು, ಮಾರಾಟ ಕೂಡದು. ಹಾಡು, ಸಿಳ್ಳು, ವಿನೋದದ ಸದ್ದುಗಳು ಕೂಡದು. ಆಪತ್ತಿಲ್ಲದೆ ಆಪತ್ತಿನ ಕೂಗು ಕೂಗಕೂಡದು. ಗುಟ್ಟಿನ ಸಂಕೇತಭಾಷೆಯೂ ಕೂಡದು. ಆದರೆ ಎಲ್ಲರಿಗೂ ತಿಳಿದ ‘ಟೆನ್-ಫೋರ್’ ಮುಂತಾದ ಸಂಖ್ಯಾಸಂಕೇತಗಳಿಗೆ ಅಡ್ಡಿಯಿಲ್ಲ. ಟೆನ್-ಫೋರ್ ಎಂದರೆ ‘ತಿಳಿಯಿತು’ ಎಂದರ್ಥ.

ಇನ್ನೊಂದು ಮಾತು: ಶ್ರೋತೃಸಮೂಹವನ್ನು ಉದ್ದೇಶಿಸಿ ಪ್ರಸಾರ ಮಾಡುವಂತಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ನಡೆಸಿ, ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದದ್ದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅಂತಹ ಪ್ರಸಾರ ಬೇರೆ, ಸಿ.ಬಿ. ಬೇರೆ. ಅಲ್ಲಿ ಒಬ್ಬನು ನುಡಿದರೆ ಸಾವಿರ ಮಂದಿ ಆಲಿಸುತ್ತಾರೆ. ಇಲ್ಲಿ ನುಡಿದವನಿಗೆ ಮರುನುಡಿಯಬಲ್ಲ ಇನ್ನೊಬ್ಬನು ಎದುರಿಗೆ ಇರಬೇಕು.

ಒಂಬತ್ತನೆಯ ಚಾನೆಲ್

ಎಲ್ಲ ನಿಯಮಗಳ ತಲೆಯ ಮೇಲೆ ನಿಂತ ನಿಯಮ ಒಂದಿದೆ. 9ನೆಯ ಚಾನೆಲ್ಲನ್ನು ಆಪತ್ತಿನ ಕರೆಗೂ ದಾರಿಹೋಕರ ನೆರವಿಗೂ ಹೊರತು ಬೇರೆ ಯಾವುದಕ್ಕೂ ಬಳಸಕೂಡದು. 1970ರಿಂದ ಅದು ಹೀಗೆ ಮೀಸಲಾಗಿದೆ. ಅದಕ್ಕೆ ಮೊದಲೇ, 1962ರಲ್ಲಿ, ‘ರಿಯಾಕ್ಟ್’ ಎಂಬ ಸ್ವಯಂಸೇವಕ ಸಂಸ್ಥೆ ಹುಟ್ಟಿತ್ತು. ಅದರ ಸದಸ್ಯರು ಸಂಬಳವಿಲ್ಲದೆ, ಸರದಿಯ ಪ್ರಕಾರ ತಮ್ಮ ಮನೆಗಳಲ್ಲಿ ಕುಳಿತು, ಯಾರಾದರೂ ಕರೆದಾರೇ ಎಂದು ಕಿವಿಗೊಟ್ಟಿರುತ್ತಿದ್ದರು. ಕರೆ ಬಂದರೆ ಟೆಲಿಫೋನಿನ ಮೂಲಕ ಪೊಲೀಸರಿಗೋ ಆಸ್ಪತ್ರೆಗೋ ಸುದ್ದಿ ಮುಟ್ಟಿಸುತ್ತಿದ್ದರು.

ವಾಚಕರು ಒಂದು ಸಂದರ್ಭವನ್ನು ಊಹಿಸಿಕೊಳ್ಳಬೇಕು. ಹಿಮ ಸುರಿಯುತ್ತಿರುವ ರಾತ್ರಿ. ಬೆಟ್ಟದ ತಿರುವಿನಲ್ಲಿ ಕಾರು ಹಳ್ಳಕ್ಕೆ ಜಾರಿದೆ. ಒಳಗೆ ಗಾಯಗೊಂಡ ತಂದೆ, ಹಿಂದಿನ ಆಸನದಲ್ಲಿ ಮಗು. ತಾಯಿಯ ಕೈಯಲ್ಲಿ 4 ವ್ಯಾಟ್‌ನ ಒಂದು ಪೆಟ್ಟಿಗೆ. ಆರು ಮೈಲಿ ದೂರದಲ್ಲಿ ಒಬ್ಬ ಸ್ವಯಂಸೇವಕ ಆಲಿಸುತ್ತ ಕುಳಿತಿದ್ದಾನೆ. ಅದೇ ಹೊತ್ತಿನಲ್ಲಿ ಮತ್ತೊಂದು ಊರಿನ ಯಾವನೋ ಒಬ್ಬ ವಿನೋದಪ್ರಿಯ ತನ್ನ ಯಂತ್ರಕ್ಕೆ 1,000 ವ್ಯಾಟ್‌ನ ವರ್ಧಕವನ್ನು ಜೋಡಿಸಿ, ‘ನನ್ನ ದನಿ ಎಷ್ಟು ದೂರ ಹೋಗುತ್ತದೆ ನೋಡಿರಿ’ ಎಂದು ಅದೇ ಚಾನೆಲ್ಲಿನಲ್ಲಿ ಆರ್ಭಟಿಸುತ್ತಾನೆ. ಆ ತಾಯಿಯ ಯಂತ್ರದ 250ರಷ್ಟು ಶಕ್ತಿ ಅವನದು. ಸ್ವಯಂಸೇವಕನ ಕಿವಿಗೆ ಬೀಳುವುದು ಯಾರ ಕೂಗು? ಆರ್ಭಟಿಸಿದವನಿಗೆ ತಾನು ಏನು ಮಾಡಿದೆನೆಂಬುದು ಕೊನೆಗೂ ತಿಳಿಯುವುದಿಲ್ಲ. ಕಳ್ಳತನದಲ್ಲಿ ಕಳೆದುಕೊಂಡವನ ಮುಖವಾದರೂ ಕಂಡೀತು. ಇಲ್ಲಿ ನೊಂದವರ ಮುಖವೇ ಕಾಣದು. ವ್ಯಾಟ್‌ಗಳ ಲೆಕ್ಕ ಗುಮಾಸ್ತರ ಕಿರುಕುಳವಲ್ಲವೆಂಬುದು ಇಂತಹ ಕಡೆ ಗೊತ್ತಾಗುತ್ತದೆ. ಯಾವ ಚಾನೆಲ್ಲಿನಲ್ಲೇ ಆಗಲಿ, ಯಾವ ಹೊತ್ತಿನಲ್ಲೇ ಆಗಲಿ, ಆಪತ್ತಿನ ಕರೆ ಬಂದರೆ ಉಳಿದವರೆಲ್ಲ ದಾರಿಬಿಡಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಕಾನೂನನ್ನು ಜನ ಮೀರಿದಾಗ

ಇಷ್ಟು ಚೆನ್ನಾದ ನಿಯಮಗಳನ್ನು ಜನರು ಪಾಲಿಸಿದರೇ? ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ಕಳುಹಿಸುವುದನ್ನು ನಿಲ್ಲಿಸಿದುವು. ಪೆಟ್ರೋಲು, ಡೀಸೆಲ್‌ಗಳಿಗೆ ಹಾಹಾಕಾರವೆದ್ದಿತು. ಎಣ್ಣೆಯ ಉಳಿತಾಯಕ್ಕಾಗಿ 1974ರ ಜನವರಿಯಲ್ಲಿ ಬಂದ ಕಾನೂನು ದೇಶದ ಹೆದ್ದಾರಿಗಳಲ್ಲೆಲ್ಲ ವೇಗವನ್ನು ಗಂಟೆಗೆ 55 ಮೈಲಿಗೆ ಇಳಿಸಿತು. ಮೈಲಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಲಾರಿ ಚಾಲಕರಿಗೆ ಇದು ಹೊಟ್ಟೆಯ ಮೇಲಿನ ಹೊಡೆತ. ಅವರ ಕೈಗೆ ಸಿಕ್ಕಿದ ಆಯುಧವೇ ಸಿ.ಬಿ. ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಯಾವ ಸೇತುವೆಯ ಮರೆಯಲ್ಲಿ ಕಾದಿದ್ದಾರೆ, ಎಂಬ ಸುದ್ದಿ ಲಾರಿಯಿಂದ ಲಾರಿಗೆ ಹಬ್ಬತೊಡಗಿತು. ಮುಷ್ಕರ ಹೂಡಿದಾಗಲೂ ಅದರಿಂದಲೇ ಒಬ್ಬರನ್ನೊಬ್ಬರು ಕೂಡಿಕೊಂಡರು. ಕಾಡ್ಗಿಚ್ಚಿನ ಎಚ್ಚರಿಕೆಯ ಚಿತ್ರಗಳಲ್ಲಿ ಅಗಲ ಟೋಪಿಯ ‘ಸ್ಮೋಕಿ’ ಎಂಬ ಕರಡಿಯೊಂದುಂಟು. ಹೆದ್ದಾರಿ ಪೊಲೀಸರ ಟೋಪಿಯೂ ಅದರಂತೆಯೇ ಇದ್ದುದರಿಂದ ಪೊಲೀಸರಿಗೆ ‘ಸ್ಮೋಕಿ’, ‘ಕರಡಿ’ ಎಂಬ ಹೆಸರಾಯಿತು.

ಲಾರಿ ಚಾಲಕರ ಈ ಭಾಷೆ ಮನೆಮನೆಗೂ ಹಬ್ಬಿತು. 1975ರಲ್ಲಿ ಬಂದ ‘ಕಾನ್‌ವಾಯ್’ ಎಂಬ ಹಾಡು 1976ರ ಜನವರಿಯಲ್ಲಿ ಅಲ್ಲಿಯ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿತು. 1977ರಲ್ಲಿ ‘ಸ್ಮೋಕಿ ಅಂಡ್ ದಿ ಬ್ಯಾಂಡಿಟ್’ ಎಂಬ ಚಲಚ್ಚಿತ್ರ ಬಂತು. ಸರ್ಕಾರ ಕೊಟ್ಟ ಕರೆಸಂಕೇತವನ್ನು ಬಿಟ್ಟು, ತಾವೇ ಇಟ್ಟುಕೊಂಡ ಅಡ್ಡಹೆಸರುಗಳಿಂದ ಜನ ಮಾತಾಡತೊಡಗಿದರು. ಅಧ್ಯಕ್ಷ ಫೋರ್ಡರ ಪತ್ನಿ ಬೆಟಿ ಫೋರ್ಡರೇ 1976ರ ಚುನಾವಣೆಯ ವರ್ಷದಲ್ಲಿ ‘ಫಸ್ಟ್ ಮಾಮಾ’ ಎಂಬ ಹೆಸರಿನಿಂದ ಸಿ.ಬಿ.ಯಲ್ಲಿ ಮಾತಾಡಿದರು. ಮಾಮಾ ಎಂದರೆ ಅಲ್ಲಿ ತಾಯಿ, ನಮ್ಮ ಸೋದರಮಾವನಲ್ಲ!

ಆಯೋಗದ ಪಾಡು ಹೇಳತೀರದು. 1975ರಲ್ಲಿ ಲೈಸೆನ್ಸಿನ ಶುಲ್ಕ 20 ಡಾಲರಿನಿಂದ 4 ಡಾಲರಿಗೆ ಇಳಿಯಿತು. ಹವ್ಯಾಸದ ಹರಟೆಗಿದ್ದ ನಿಷೇಧವೂ ಸಡಿಲವಾಯಿತು. ಅರ್ಜಿಗಳು ತಿಂಗಳಿಗೆ ಲಕ್ಷಗಟ್ಟಲೆ ಬಂದು ಬಿದ್ದುವು. ಲೈಸೆನ್ಸು ಕೈಸೇರುವವರೆಗೆ ಕಾಯಲಾರದವರು ತಾವೇ ನಮೂನೆ ತುಂಬಿಕೊಂಡು ಬಳಸಬಹುದಾದ ತಾತ್ಕಾಲಿಕ ಅನುಮತಿಯನ್ನು 1976ರಲ್ಲಿ ಕೊಡಬೇಕಾಯಿತು. ಅರ್ಜಿಯನ್ನೇ ಹಾಕದೆ ಮಾತಾಡುತ್ತಿದ್ದವರಿಗೂ ಕೊರತೆಯಿರಲಿಲ್ಲ. ಇಕ್ಕಟ್ಟು ತಾಳಲಾರದೆ 1977ರ ಜನವರಿ 1ರಿಂದ ಚಾನೆಲ್ಲುಗಳು 23ರಿಂದ 40ಕ್ಕೆ ಏರಿದುವು. ಅಕ್ರಮ ವರ್ಧಕಗಳ ಹಾವಳಿಯನ್ನು ತಡೆಯಲು 1978ರಲ್ಲಿ ಅಂತಹ ಯಂತ್ರಗಳ ತಯಾರಿಕೆಯನ್ನೇ ನಿಷೇಧಿಸಿದರು. ಕೊನೆಗೆ 1983ರಲ್ಲಿ ಆಯೋಗವು ಸಿ.ಬಿ. ಲೈಸೆನ್ಸನ್ನೇ ತೆಗೆದುಹಾಕಿತು.

ಹಾಗಾದರೆ ಕಾನೂನು ಸೋತಿತೆ? ಹಾಗೆನ್ನಲಾಗದು. ಏನು ಹೋಯಿತು, ಏನು ಉಳಿಯಿತು ಎಂಬುದನ್ನು ಎದುರುಬದುರಾಗಿಟ್ಟು ನೋಡಬೇಕು. ಹೋದದ್ದು ಲೈಸೆನ್ಸು, ಕಡ್ಡಾಯದ ಕರೆಸಂಕೇತ, ಹರಟೆಯ ನಿಷೇಧ. 250 ಕಿಲೋಮೀಟರಿಗಿಂತ ದೂರದವರೊಡನೆ ಮಾತಾಡಕೂಡದೆಂಬ ಇನ್ನೊಂದು ನಿಯಮವೂ ಇತ್ತು. ಸೂರ್ಯನ ಕಲೆಗಳು ಹೆಚ್ಚಾದ ವರ್ಷಗಳಲ್ಲಿ 27 ಮೆಗಾಹರ್ಟ್ಸ್‌ನ ಅಲೆಗಳು ವಾಯುಮಂಡಲದ ಮೇಲ್ಪದರಕ್ಕೆ ತಾಗಿ, ಮರಳಿ ಸಾವಿರಾರು ಮೈಲಿಗಳಾಚೆ ಇಳಿಯುತ್ತವೆ. ಸೂರ್ಯನ ಕೆಲಸಕ್ಕೆ ಮನುಷ್ಯರಿಗೆ ದಂಡ ವಿಧಿಸುವುದೆಂತು? 2017ರಲ್ಲಿ ಆ ನಿಯಮವನ್ನೂ ಕೈಬಿಟ್ಟರು. ಎಫ್.ಎಂ. ಕ್ರಮದಲ್ಲಿ ಮಾತಾಡಲು 2021ರಲ್ಲಿ ಒಪ್ಪಿಗೆಯಿತ್ತರು.

ಉಳಿದದ್ದೇನು? ಕಿರುಚಬೇಡ, ಸರದಿ ಬಿಡು, ಸಂತೆ ಹೂಡಬೇಡ, ಹೊಲಸು ನುಡಿಯಬೇಡ, ಆಪತ್ತಿನವನಿಗೆ ದಾರಿಬಿಡು. ಸರ್ಕಾರವೆಂಬುದೇ ಇಲ್ಲದಿದ್ದರೂ ಹತ್ತು ಜನ ಒಂದು ಜಗಲಿಯಲ್ಲಿ ಕುಳಿತರೆ ತಾವೇ ಮಾಡಿಕೊಳ್ಳುವ ಕಟ್ಟಳೆಗಳಿವು. ಯಾರು ಎಂದು ಗುರುತು ಹಿಡಿಯುವುದಕ್ಕಾಗಿ ಅಧಿಕಾರಿಗಳು ಮಾಡಿದ್ದ ನಿಯಮಗಳು ಉದುರಿದುವು. ಹಂಚಿಕೊಂಡು ಬಾಳುವುದಕ್ಕೆ ಬೇಕಾದುವು ನಿಂತುವು. ಜನರು ತಾವೇ ಮಾಡಿಕೊಂಡ ಪದ್ಧತಿಗಳೂ ಇವುಗಳ ಜೊತೆ ಸೇರಿವೆ. ಹೆದ್ದಾರಿಯ ಲಾರಿಗಳು 19ನೆಯ ಚಾನೆಲ್ಲಿನಲ್ಲಿ ಮಾತಾಡಬೇಕೆಂದು ಯಾವ ಕಾನೂನೂ ಹೇಳಿಲ್ಲ. ಆದರೂ ಇಂದಿಗೂ ಅಲ್ಲಿಯ ಚಾಲಕರು ಅದನ್ನೇ ತಿರುಗಿಸುತ್ತಾರೆ.

ಲೈಸೆನ್ಸು ಹೋದ ಮಾತ್ರಕ್ಕೆ ದಂಡನೆ ಹೋಗಲಿಲ್ಲ. ಬೇಕೆಂದೇ ಕಾನೂನು ಮೀರಿದವನಿಗೆ 10,000 ಡಾಲರ್‌ವರೆಗೆ ಜುಲ್ಮಾನೆಯನ್ನೂ ಒಂದು ವರ್ಷದವರೆಗೆ ಸೆರೆವಾಸವನ್ನೂ 1934ರ ಅಲ್ಲಿಯ ಸಂಪರ್ಕ ಕಾಯಿದೆ ವಿಧಿಸಬಲ್ಲುದು. ಅದೇ ಕಾಯಿದೆ ಮತ್ತೊಂದು ಸೂಕ್ಷ್ಮವನ್ನು ಹೇಳುತ್ತದೆ: ಬೇರೆಯವರ ರೇಡಿಯೋ ಸಂದೇಶವನ್ನು ಕೇಳಿ ಬಯಲುಮಾಡಬಾರದೆಂಬ ರಕ್ಷಣೆ ಸಿ.ಬಿ. ಮಾತಿಗೆ ಇಲ್ಲ. ಜಗಲಿಯ ಮೇಲೆ ಆಡಿದ ಮಾತು ಬೀದಿಯದೇ ಸರಿ. ಮನೆಯ ಗುಟ್ಟನ್ನು ಅಲ್ಲಿ ಆಡಿ, ಪರರು ಕೇಳಿಸಿಕೊಂಡರೆಂದು ದೂರುವಂತಿಲ್ಲ.

ನಮ್ಮ ದೇಶದಲ್ಲಿ

ಇದೆಲ್ಲ ಪರದೇಶದ ಮಾತಾಯಿತು. ನಮಗೇನು ಎಂದು ವಾಚಕರು ಕೇಳಬಹುದು. ಭಾರತದಲ್ಲಿಯೂ 2005ರ ನಿಯಮಗಳ ಮೂಲಕ 26.957ರಿಂದ 27.383 ಮೆಗಾಹರ್ಟ್ಸ್‌ವರೆಗಿನ ನಾಗರಿಕ ಪಟ್ಟಿಯಲ್ಲಿ 5 ವ್ಯಾಟ್ ಮೀರದ ಯಂತ್ರಗಳಿಗೆ ಲೈಸೆನ್ಸಿನಿಂದ ವಿನಾಯಿತಿ ದೊರೆತಿದೆ. ಆದರೆ ಈ ವಿನಾಯಿತಿಗೆ ಷರತ್ತುಂಟು: ಬಳಸುವವನು ಇತರರಿಗೆ ಅಡಚಣೆ ಮಾಡಕೂಡದು, ಇತರರಿಂದ ತನಗೆ ಅಡಚಣೆಯಾದರೆ ರಕ್ಷಣೆ ಕೇಳಲೂ ಕೂಡದು. ಮಾತು ಕಹಿಯಾದರೂ ನ್ಯಾಯವಾದದ್ದೇ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಯಲ್ಲಿ ಬರುವಾಗ ಒಂದು ಸಿ.ಬಿ. ಪೆಟ್ಟಿಗೆಯನ್ನು ತರುವ ಯೋಚನೆಯಲ್ಲಿದ್ದರೆ ಒಂದು ಸಣ್ಣ ಲೆಕ್ಕವನ್ನು ನೋಡಿಕೊಳ್ಳುವುದು ಮೇಲು. ಆ ಪೆಟ್ಟಿಗೆಯ 38, 39, 40ನೆಯ ಚಾನೆಲ್ಲುಗಳು ಕ್ರಮವಾಗಿ 27.385, 27.395, 27.405 ಮೆಗಾಹರ್ಟ್ಸ್‌ನಲ್ಲಿವೆ. ನಮ್ಮ ವಿನಾಯಿತಿ 27.383ಕ್ಕೇ ಮುಗಿಯುತ್ತದೆ. ಅಲ್ಲಿ ಸಾಧುವಾದ ಮಾತು ಇಲ್ಲಿ ಗಡಿ ದಾಟಿದಂತಾಗುತ್ತದೆ! ಅಂಗೈಯಗಲದ ವಾಕಿ-ಟಾಕಿಗಳ ವಿಷಯವೂ ಹಾಗೆಯೇ. 2018ರಿಂದ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಸೆಟ್ಟುಗಳಿಗೆ ವಿನಾಯಿತಿಯಿದೆ. ಅದರ ಹೊರಗಿನವಕ್ಕೆ ಇಲ್ಲ. ಮಕ್ಕಳ ಆಟಿಕೆಯಂತೆ ಕಾಣುವ ಸೆಟ್ಟು ಪೊಲೀಸರೋ ಅಗ್ನಿಶಾಮಕ ದಳದವರೋ ಬಳಸುವ ಅಲೆಗೆ ಅಡ್ಡಬಂದೀತೆಂಬ ಭಯವೇ ಇದಕ್ಕೆ ಕಾರಣ. ಅಕ್ರಮವಾದ ಸೆಟ್ಟುಗಳನ್ನು ಅಂತರಜಾಲದ ಅಂಗಡಿಗಳು ಮಾರುತ್ತಿದ್ದುದನ್ನು ತಡೆಯಲು 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿಗಳನ್ನು ಹೊರಡಿಸಿತು. ಹಳೆಯ ತಂತಿ ಕಾಯಿದೆಗಳ ಸ್ಥಾನಕ್ಕಾಗಿ ಸಂಸತ್ತು 2023ರಲ್ಲಿ ದೂರಸಂಪರ್ಕ ಅಧಿನಿಯಮವನ್ನು ಅಂಗೀಕರಿಸಿದೆ. ಆದ್ದರಿಂದ ಸೆಟ್ಟು ಕೊಳ್ಳುವವರು ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಕ್ಕಿಂತ ಮೊದಲು ಅದರ ಮೆಗಾಹರ್ಟ್ಸನ್ನೂ ವ್ಯಾಟನ್ನೂ ಓದಬೇಕು. ಭಾರತ ಸರ್ಕಾರದ ಸಲಕರಣಾ ಅನುಮೋದನೆ ಇದೆಯೇ ಎಂದು ಅಂಗಡಿಯವನನ್ನು ಕೇಳಬೇಕು.

ಎಲ್ಲರ ಜೇಬಿನಲ್ಲೂ ಮೊಬೈಲ್ ಫೋನ್ ಇರುವ ಈ ಕಾಲದಲ್ಲಿ ಸಿ.ಬಿ.ಯ ಸಡಗರ ತಗ್ಗಿದೆ ನಿಜ. ಆದರೆ ಬಿರುಗಾಳಿಗೋ ನೆರೆಗೋ ಸಿಕ್ಕಿ ಮೊಬೈಲ್ ಗೋಪುರ ಮೌನವಾದರೆ, ಎರಡು ಪೆಟ್ಟಿಗೆಗಳ ನಡುವೆ ಯಾರ ಗೋಪುರವನ್ನೂ ಬೇಡದ ಆ 4 ವ್ಯಾಟ್‌ನ ಮಾತು ಇನ್ನೂ ನಡೆಯುತ್ತದೆ. ನಡೆಯುವುದು, ಚಾನೆಲ್ ಬಿಡುವಾಗಿದ್ದರೆ ಮಾತ್ರ. ಅದನ್ನು ಬಿಡುವಾಗಿಡುವ ಕೆಲಸ ಯಾವ ಅಧಿಕಾರಿಯಿಂದಲೂ ಪೂರ್ತಿಯಾಗಿ ಆಗುವಂತಹುದಲ್ಲ. ಗುಂಡಿಯೊತ್ತುವ ಮೊದಲು ಒಂದು ಗಳಿಗೆ ಕಿವಿಗೊಟ್ಟು, ಬೇರೊಬ್ಬರು ಮಾತಾಡುತ್ತಿಲ್ಲವಷ್ಟೆ ಎಂದು ತಿಳಿದುಕೊಳ್ಳುವ ಬೆರಳೇ ಅದನ್ನು ಮಾಡಬೇಕು.